ದಾಕ್ಷಿಣ್ಯವೂ ಸಮ್ಮತಿಯೂ

ರೋಗಿಯು ವೈದ್ಯನನ್ನು ಹುಡುಕಿಕೊಂಡು ಹೋಗುವುದು ಲೋಕರೂಢಿ. ಅಲ್ಲಿ ಕೊಡುವವನು ಯಾರು, ಪಡೆಯುವವನು ಯಾರು ಎಂಬ ವಿಷಯದಲ್ಲಿ ಸಂದೇಹಕ್ಕೆ ಆಸ್ಪದವಿಲ್ಲ. ಆದರೆ ವೈದ್ಯನೇ ನಿರೋಗಿಯ ಮನೆಯ ಬಾಗಿಲಿಗೆ ಬಂದು, “ಸ್ವಾಮಿ, ತಮಗೆ ಯಾವ ಕಾಯಿಲೆಯೂ ಇದ್ದಂತಿಲ್ಲ, ಆದರೂ ತಾವು ಎರಡು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬಂದು, ರಕ್ತವನ್ನು ಕೊಟ್ಟು, ಎದೆಯನ್ನು ಪರೀಕ್ಷೆಮಾಡಿಸಿಕೊಂಡು, ತಮ್ಮ ಊಟ ನಿದ್ರೆಗಳ ಸಮಾಚಾರವನ್ನು ತಿಳಿಸಿ ಹೋಗಬೇಕು, ತಾವು ಬದುಕಿರುವವರೆಗೆ ಹೀಗೆ ನಡೆಯಬೇಕು, ಇದರಿಂದ ತಮಗೆ ಆಗುವ ಲಾಭ ಇಷ್ಟೆಂದು ಹೇಳಲಾರೆ” ಎಂದು ಬೇಡಿದರೆ, ಆಗ ದಾತನಾರು, ಯಾಚಕನಾರು? ಹಾಗೆ ಬೇಡುವುದಕ್ಕೆ ಅವನಿಗೆ ಅಧಿಕಾರವೇನು? ಒಪ್ಪಿ ಬಂದವನನ್ನು ಹತ್ತು ಇಪ್ಪತ್ತು ವರ್ಷಗಳ ಕಾಲ ಉಳಿಸಿಕೊಳ್ಳಲು ಅವನು ಯಾವ ಉಪಾಯಗಳನ್ನು ಹೂಡಬಹುದು, ಯಾವುದನ್ನು ಹೂಡಬಾರದು? ಇದು ಆಸ್ಪತ್ರೆಯ ಗೋಡೆಯೊಳಗೆ ಮುಗಿಯುವ ಪ್ರಶ್ನೆಯಲ್ಲ. ಒಬ್ಬ ಮನುಷ್ಯನ ಒಳ್ಳೆಯತನವನ್ನು ಮತ್ತೊಬ್ಬನು ಎಷ್ಟು ದೂರ ಉಪಯೋಗಿಸಿಕೊಳ್ಳಬಹುದೆಂಬ ಹಳೆಯ ಧರ್ಮಸಂದೇಹವೇ ಇಲ್ಲಿ ಹೊಸ ವೇಷದಲ್ಲಿ ಬಂದಿದೆ.

ಇಂಥ ಸಮೀಕ್ಷೆಗಳು ಏತಕ್ಕೆ ಬೇಕೆಂಬುದನ್ನು ಮೊದಲು ಹೇಳಬೇಕು. ಕಾಲರಾ ಮೊದಲಾದ ವ್ಯಾಧಿಗಳು ಬಂದ ದಾರಿಯನ್ನು ಕೆಲವು ವಾರಗಳ ವಿಚಾರಣೆಯಿಂದ ಪತ್ತೆಮಾಡಬಹುದು. ಹೃದ್ರೋಗ, ಮಧುಮೇಹ ಮೊದಲಾದವು ಹಾಗಲ್ಲ. ಅವು ಮನುಷ್ಯನೊಳಗೆ ಸದ್ದಿಲ್ಲದೆ ಇಪ್ಪತ್ತು ಮೂವತ್ತು ವರ್ಷ ಬೆಳೆದು ಒಂದು ದಿನ ಹೊರಬೀಳುತ್ತವೆ. ಬಿದ್ದ ಮೇಲೆ ಕಾರಣವನ್ನು ಕೇಳಿದರೆ, ರೋಗಿಯು ತನಗೆ ನೆನಪಿದ್ದುದನ್ನು ಹೇಳುತ್ತಾನೆ. ನೆನಪಿಲ್ಲದ್ದನ್ನು ಊಹಿಸಿ ಹೇಳುತ್ತಾನೆ. ಆದುದರಿಂದ ರೋಗವು ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ಸಾವಿರಾರು ಮಂದಿಯನ್ನು ಗುರುತುಹಾಕಿಕೊಂಡು, ಅವರಲ್ಲಿ ಯಾರಿಗೆ ಯಾವಾಗ ಏನಾಯಿತೆಂದು ತಾಳ್ಮೆಯಿಂದ ಬರೆದುಕೊಂಡು ಬರುವುದಲ್ಲದೆ ಬೇರೆ ದಾರಿಯಿಲ್ಲ.

ಈ ಬಗೆಯ ಸಮೀಕ್ಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಬಾಸ್ಟನ್ ನಗರಕ್ಕೆ ಪಶ್ಚಿಮದಲ್ಲಿರುವ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ ಆರಂಭವಾಯಿತು. ಆಗ ಆ ಊರಿನ ಜನಸಂಖ್ಯೆ ಸುಮಾರು 28,000. ಮೂವತ್ತಕ್ಕೆ ಮೇಲ್ಪಟ್ಟ ವಯಸ್ಸಿನ 6,507 ಮಂದಿ ಸ್ತ್ರೀಪುರುಷರ ಪಟ್ಟಿಯೊಂದನ್ನು ತಯಾರಿಸಿ ಅವರನ್ನು ಕರೆದರು. ಕರೆಯುವ ಕೆಲಸವನ್ನು ಸರಕಾರದ ನೌಕರರು ತಾವೇ ಮಾಡಲಿಲ್ಲ. ಊರಿನವರೇ ಸಮಿತಿಗಳನ್ನು ಕಟ್ಟಿಕೊಂಡು ನೆರೆಯವರು ನೆರೆಯವರ ಮನೆಗೆ ಹೋಗಿ ಹೇಳಿದರು. ಆದರೂ ಬಂದವರು 4,469 ಮಂದಿ, ಎಂದರೆ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ತಾವಾಗಿ ಮುಂದೆ ಬಂದಿದ್ದ 740 ಮಂದಿಯನ್ನು ಇವರೊಂದಿಗೆ ಕೂಡಿಸಿ 5,209 ಎಂದು ಲೆಕ್ಕವನ್ನು ಮುಗಿಸಿದರು. ಧೂಮಪಾನ, ಏರಿದ ರಕ್ತದ ಒತ್ತಡ, ರಕ್ತದಲ್ಲಿ ಕೊಲೆಸ್ಟರಾಲಿನ ಆಧಿಕ್ಯ — ಇವು ಹೃದ್ರೋಗಕ್ಕೆ ದಾರಿಮಾಡುವುವೆಂದು ನಾವು ಈಗ ಮನೆಮಾತಿನಂತೆ ಆಡುತ್ತೇವಲ್ಲ, ಆ ಮಾತಿನ ಹಿಂದೆ ಎರಡು ವರ್ಷಕ್ಕೊಮ್ಮೆ ತೋಳನ್ನು ಚಾಚಿ ಕುಳಿತ ಈ ಐದು ಸಾವಿರ ಚಿಲ್ಲರೆ ಮಂದಿಯ ತಾಳ್ಮೆಯಿದೆ. 1971ರಲ್ಲಿ ಅವರ ಮಕ್ಕಳನ್ನೂ ಮಕ್ಕಳ ಪತಿಪತ್ನಿಯರನ್ನೂ ಕರೆದಾಗ 5,124 ಮಂದಿ ಬಂದರು. 2002ರಿಂದ ಮೂರನೆಯ ತಲೆಯವರೂ ಸೇರಿದರು.

ಸಾಮಾನ್ಯವಾದ ದಾನಕ್ಕೂ ಈ ದಾನಕ್ಕೂ ಇರುವ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಎತ್ತುವವರು ಕೊಡಲೊಲ್ಲದ ಮನೆಯನ್ನು ಬಿಟ್ಟು ಮುಂದಿನ ಮನೆಗೆ ಹೋಗಬಹುದು. ಹಣವು ಯಾರ ಕೈಯಿಂದ ಬಂದರೂ ಗೋಪುರವು ಏಳುತ್ತದೆ. ಸಮೀಕ್ಷೆಯವರಿಗೆ ಆ ಸೌಕರ್ಯವಿಲ್ಲ. ತಾವಾಗಿ ಬರುವವರು ಸಾಧಾರಣವಾಗಿ ಆರೋಗ್ಯದಲ್ಲಿ ಆಸಕ್ತಿಯುಳ್ಳವರು, ಬಿಡುವುಳ್ಳವರು, ಓದುಬರಹ ಬಲ್ಲವರು. ಬಾರದವರಲ್ಲಿ ಕಾಯಿಲೆಯವರೂ ಕುಡುಕರೂ ದಿನಗೂಲಿಯವರೂ ಹೆಚ್ಚು. ಬಂದವರನ್ನಷ್ಟೇ ಎಣಿಸಿದರೆ ಊರು ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ, ಲೆಕ್ಕವೇ ಸುಳ್ಳಾಗುತ್ತದೆ. ಎಂದರೆ, ಶಾಸ್ತ್ರಕ್ಕೆ ಯಾರು ಒಲ್ಲೆನೆನ್ನುವರೋ ಅವರೇ ಮುಖ್ಯವಾಗಿ ಬೇಕು. ಒಮ್ಮೆ ಸೇರಿದವನು ನಡುವೆ ಬಿಟ್ಟುಹೋದರೂ ಹೀಗೆಯೇ. ಅವನ ಹಿಂದಿನ ಹತ್ತು ವರ್ಷದ ಅಂಕಿಗಳು ಕೊನೆಯ ಪುಟವಿಲ್ಲದ ಕಥೆಯಂತೆ ನಿಂತುಬಿಡುತ್ತವೆ. ಆದುದರಿಂದ ಒಲ್ಲದವನ ಮನೆಗೆ ಎರಡನೆಯ ಸಲ, ಮೂರನೆಯ ಸಲ ಹೋಗುವ ಪ್ರೇರಣೆಯು ಸಂಶೋಧಕನ ದುರಾಸೆಯಿಂದ ಹುಟ್ಟಿದುದಲ್ಲ. ಅವನ ವಿದ್ಯೆಯ ಪ್ರಾಮಾಣಿಕತೆಯೇ ಅವನನ್ನು ಅಲ್ಲಿಗೆ ನೂಕುತ್ತದೆ. ಪ್ರಶ್ನೆಯು ಕಠಿನವಾಗುವುದು ಇಲ್ಲಿ. ಕೆಟ್ಟ ಉದ್ದೇಶವು ಬಲಾತ್ಕಾರಮಾಡಿದರೆ ಗುರುತಿಸುವುದು ಸುಲಭ. ಒಳ್ಳೆಯ ಉದ್ದೇಶವು ಮೃದುವಾಗಿ ಒತ್ತಿದರೆ ಗುರುತಿಸುವುದು ಹೇಗೆ?

ಬಾರದೆ ಹೋದವರನ್ನು ಈ ಶಾಸ್ತ್ರದ ಪರಿಭಾಷೆಯಲ್ಲಿ ‘ಕಳೆದುಹೋದವರು’ ಎಂದು ಬರೆಯುವ ವಾಡಿಕೆಯುಂಟು. ಈ ಮಾತು ನನಗೆ ಸರಿಕಾಣುವುದಿಲ್ಲ. ಅವರು ಎಲ್ಲಿಯೂ ಕಳೆದುಹೋಗಿಲ್ಲ. ತಮ್ಮ ತಮ್ಮ ಮನೆಗಳಲ್ಲಿ ತಮ್ಮ ಕೆಲಸವನ್ನು ಮಾಡಿಕೊಂಡಿದ್ದಾರೆ. ಕಳೆದುಕೊಂಡವರು ಬೇರೆಯವರು.

ಕಳೆದುಕೊಳ್ಳಬಾರದೆಂದು ಸಮೀಕ್ಷೆಯವರು ಮಾಡುವ ಉಪಚಾರಗಳು ಹಲವು. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳ ಪೈಕಿ 5,362 ಮಂದಿಯನ್ನು ಆರಿಸಿ ಅವರ ಜೀವಮಾನವನ್ನೆಲ್ಲ ಅನುಸರಿಸಿ ಬಂದ ಸಮೀಕ್ಷೆಯೊಂದಿದೆ. ಅವರಿಗೆ ವರ್ಷಂಪ್ರತಿ ಹುಟ್ಟಿದ ಹಬ್ಬದ ಶುಭಾಶಯದ ಕಾರ್ಡನ್ನು ಕಳುಹಿಸುವ ಪದ್ಧತಿಯನ್ನು ಸಂಶೋಧಕರು ಇಟ್ಟುಕೊಂಡರು. ಬೇರೆಡೆಗಳಲ್ಲಿ ಬಂದುಹೋಗುವ ಗಾಡಿಯ ಖರ್ಚನ್ನು ಕೊಡುತ್ತಾರೆ. ಉಪವಾಸದಿಂದ ರಕ್ತಕೊಟ್ಟವರಿಗೆ ತಿಂಡಿ ಕೊಡುತ್ತಾರೆ. ಪ್ರತಿಸಲವೂ ಪರಿಚಯದ ಮುಖವೇ ಎದುರುಗೊಳ್ಳುವಂತೆ ಏರ್ಪಡಿಸುತ್ತಾರೆ. ಇವೆಲ್ಲ ಸೌಜನ್ಯದ ಕೆಲಸಗಳು. ಇವುಗಳಲ್ಲಿ ತಪ್ಪನ್ನು ಹುಡುಕುವವನು ಮದುವೆಯ ಮನೆಯಲ್ಲಿ ಪನ್ನೀರಿನ ಬೆಲೆಯನ್ನು ವಿಚಾರಿಸುವಂಥವನು. ಆದರೆ ಇದೇ ಸೌಜನ್ಯವು ಬೇರೊಂದು ಸ್ಥಳದಲ್ಲಿ ಯಾವ ಕೆಲಸಕ್ಕೆ ಒದಗಿತೆಂಬುದನ್ನು ನೋಡಿದರೆ ಮನಸ್ಸು ಕದಡುತ್ತದೆ.

ಅಮೆರಿಕದ ದಕ್ಷಿಣಭಾಗದ ಅಲಬಾಮ ಸಂಸ್ಥಾನದಲ್ಲಿ ಮೇಕನ್ ಎಂಬ ಜಿಲ್ಲೆಯಿದೆ. ಅದರ ಮುಖ್ಯ ಪಟ್ಟಣ ಟಸ್ಕೀಗಿ. 1932ರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಇಲಾಖೆಯವರು ಅಲ್ಲಿ ಸುಮಾರು ಆರುನೂರು ಮಂದಿ ಕಪ್ಪುಜನಾಂಗದ ಗಂಡಸರನ್ನು ಸೇರಿಸಿದರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಗುಹ್ಯರೋಗವಿದ್ದಿತು. 201 ಮಂದಿಗೆ ಇರಲಿಲ್ಲ. ಬಹುಮಟ್ಟಿಗೆ ಅವರೆಲ್ಲರೂ ಪರರ ಹೊಲದಲ್ಲಿ ಪಾಲಿಗೆ ದುಡಿಯುವ ಬಡವರು. ರೋಗದ ಹೆಸರನ್ನು ಅವರಿಗೆ ತಿಳಿಸಲಿಲ್ಲ. ‘ರಕ್ತ ಕೆಟ್ಟಿದೆ, ಚಿಕಿತ್ಸೆ ಮಾಡುತ್ತಿದ್ದೇವೆ’ ಎಂದು ಹೇಳಿದರು. ಮಾಡುತ್ತಿದ್ದುದು ಚಿಕಿತ್ಸೆಯಲ್ಲ, ಚಿಕಿತ್ಸೆಯಿಲ್ಲದಿದ್ದರೆ ರೋಗವು ಸಾಯುವವರೆಗೆ ಹೇಗೆ ನಡೆಯುವುದೆಂಬ ವೀಕ್ಷಣೆ. ಬೆನ್ನುಹುರಿಯ ನೀರನ್ನು ಸೂಜಿಯಿಂದ ತೆಗೆಯುವ ನೋವಿನ ಪರೀಕ್ಷೆಯನ್ನು ಸಹ ಚಿಕಿತ್ಸೆಯೆಂದೇ ಹೇಳಿ ಮಾಡಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ಈ ರೋಗಕ್ಕೆ ಖಚಿತವಾದ ಮದ್ದೆಂದು ಪ್ರಸಿದ್ಧವಾದ ಮೇಲೆಯೂ ಅದನ್ನು ಅವರಿಗೆ ಕೊಡಲಿಲ್ಲ. ಯುದ್ಧಕಾಲದಲ್ಲಿ ಸೈನ್ಯದ ಕರೆಯ ಮೂಲಕ ಚಿಕಿತ್ಸೆಯ ಆಜ್ಞೆ ಬಂದಾಗ ಅದು ಇವರನ್ನು ಮುಟ್ಟದಂತೆ ನೋಡಿಕೊಂಡರು. 1972ರಲ್ಲಿ ವೃತ್ತಪತ್ರಿಕೆಗಳಲ್ಲಿ ಸುದ್ದಿ ಹೊರಬಿದ್ದ ಮೇಲೆ ಈ ಕೆಲಸವು ನಿಂತಿತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ನರು ದೇಶದ ಪರವಾಗಿ ಕ್ಷಮೆ ಕೇಳಿದಾಗ ಬದುಕಿ ಉಳಿದಿದ್ದವರು ಬೆರಳೆಣಿಕೆಯ ಮುದುಕರು.

ಈ ಕಥೆಯನ್ನು ಅನೇಕರು ಬಲ್ಲರು. ಅಷ್ಟಾಗಿ ಪ್ರಚಾರಕ್ಕೆ ಬಾರದ ಒಂದು ಸಂಗತಿಯಿದೆ. 1953ರಲ್ಲಿ ಆ ಇಲಾಖೆಯ ಪತ್ರಿಕೆಯಲ್ಲಿ ಈ ಸಮೀಕ್ಷೆಯನ್ನು ಕುರಿತು ಒಂದು ಲೇಖನ ಪ್ರಕಟವಾಯಿತು. ಅದರ ವಿಷಯವು ರೋಗವಲ್ಲ. ಇಪ್ಪತ್ತು ವರ್ಷಗಳ ಕಾಲ ಜನರನ್ನು ಬಿಟ್ಟುಹೋಗದಂತೆ ಉಳಿಸಿಕೊಂಡ ಬಗೆ. ಮೊದಲ ಲೇಖಕಿ ಯೂನಿಸ್ ರಿವರ್ಸ್ ಎಂಬ ದಾದಿ. ಆಕೆಯೂ ಕಪ್ಪುಜನಾಂಗದವಳೇ; ಟಸ್ಕೀಗಿಯಲ್ಲಿಯೇ ಕಲಿತವಳು. ವೈದ್ಯರು ಬಂದು ಹೋಗುತ್ತಿದ್ದರು, ಬದಲಾಗುತ್ತಿದ್ದರು; ಬದಲಾಗದೆ ಇದ್ದವಳು ಆಕೆಯೊಬ್ಬಳೇ. ಆಕೆ ಜನರನ್ನು ಮನೆಮನೆಗೆ ಹೋಗಿ ನೋಡಿ ಬರುತ್ತಿದ್ದಳು. ಪರೀಕ್ಷೆಯ ದಿನ ತನ್ನ ಮೋಟಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಸರಕಾರದ ಮುದ್ರೆಯಿದ್ದ ಆ ಮೋಟಾರಿನಲ್ಲಿ ಊರಿನ ನಡುವೆ ಹಾದುಹೋಗುವುದು ಅವರಿಗೆ ಒಂದು ಗೌರವವಾಗಿತ್ತು. ಬಿಸಿ ಊಟವಿತ್ತು. ಸತ್ತರೆ ಶವಸಂಸ್ಕಾರಕ್ಕೆ ಹಣವಿತ್ತು; ಶವವನ್ನು ಕೊಯ್ದು ನೋಡಲು ಮನೆಯವರು ಒಪ್ಪಬೇಕೆಂಬುದು ಅದಕ್ಕೆ ಷರತ್ತು. ತನ್ನ ಹೆಣಕ್ಕೆ ಯಾರು ದಿಕ್ಕೆಂದು ಚಿಂತಿಸುವ ಬಡವನಿಗೆ ಇದು ಎಂಥ ಆಶ್ವಾಸನೆಯೆಂಬುದನ್ನು ಹೇಳಬೇಕಾಗಿಲ್ಲ. ಲೇಖನದಲ್ಲಿರುವ ಉಪದೇಶಗಳಾದರೂ ಏನು? ಒಬ್ಬರೇ ಬಹುಕಾಲ ಜನರೊಡನೆ ಬಳಸುತ್ತಿರಬೇಕು, ಅವರ ಮನೆಯ ಕಷ್ಟಸುಖವನ್ನು ವಿಚಾರಿಸಬೇಕು, ಪ್ರಯಾಣದ ಸೌಕರ್ಯವನ್ನು ಮಾಡಿಕೊಡಬೇಕು. ಇವುಗಳಲ್ಲಿ ಒಂದೂ ತಪ್ಪಲ್ಲ. ಇಂದು ಅತ್ಯಂತ ಧರ್ಮಿಷ್ಠನಾದ ಸಂಶೋಧಕನು ತನ್ನ ಸಹಾಯಕರಿಗೆ ಹೇಳಿಕೊಡುವುದೂ ಇವನ್ನೇ.

ಆ ದಾದಿಯ ವಾತ್ಸಲ್ಯವು ನಟನೆಯೆಂದು ನಾನು ಭಾವಿಸಲಾರೆ. ನಟನೆಯಾಗಿದ್ದರೆ ಅಷ್ಟು ವರ್ಷ ನಡೆಯುತ್ತಿರಲಿಲ್ಲ. ವಾತ್ಸಲ್ಯವು ನಿಜವಾಗಿದ್ದುದರಿಂದಲೇ ಮೋಸವು ಅಷ್ಟು ಚೆನ್ನಾಗಿ ಸಾಗಿತೆಂಬುದು ಇದರ ಘೋರವಾದ ಅಂಶ. ಹೀಗಿರಲು, ಉಪಚಾರವನ್ನು ನೋಡಿ ನ್ಯಾಯಾನ್ಯಾಯಗಳನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಫ್ರೇಮಿಂಗ್‌ಹ್ಯಾಮಿನಲ್ಲಿಯೂ ಮೇಕನ್ ಜಿಲ್ಲೆಯಲ್ಲಿಯೂ ಮುಗುಳುನಗೆ ಒಂದೇ ಬಗೆಯದು.

‘ಕಾಗದದ ಮೇಲೆ ರುಜುವಿದ್ದರೆ ಸರಿ, ಇಲ್ಲದಿದ್ದರೆ ತಪ್ಪು’ ಎಂದು ಕಾನೂನು ಬಲ್ಲವರು ಹೇಳಬಹುದು. ಟಸ್ಕೀಗಿಯ ಸುದ್ದಿ ಹೊರಬಿದ್ದ ಮೇಲೆ ಅಮೆರಿಕದಲ್ಲಿ 1974ರಲ್ಲಿ ಶಾಸನವಾಯಿತು. 1979ರಲ್ಲಿ ಬೆಲ್‌ಮಾಂಟ್ ವರದಿಯೆಂಬುದು ಪ್ರಕಟವಾಗಿ, ತಿಳಿದು ಒಪ್ಪಿದ ಸಮ್ಮತಿಯನ್ನು ಮುಖ್ಯ ನಿಯಮವನ್ನಾಗಿ ಎತ್ತಿಹಿಡಿಯಿತು. ನಮ್ಮ ದೇಶದಲ್ಲಿಯೂ ಈಗ ಸಮ್ಮತಿಪತ್ರವಿಲ್ಲದೆ, ನೀತಿಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಕೆಲಸವು ನಡೆಯಕೂಡದು. ಇದು ಬೇಕಾದುದೇ. ಆದರೆ ರುಜುವು ಕೈ ಒಪ್ಪಿತೆಂಬುದಕ್ಕೆ ಸಾಕ್ಷಿ. ಮನಸ್ಸು ಒಪ್ಪಿತೆಂಬುದಕ್ಕೆ ಅಲ್ಲ. ಇವೆರಡರ ನಡುವೆ ನಮ್ಮ ನಾಡಿನಲ್ಲಿ ದಾಕ್ಷಿಣ್ಯವೆಂಬ ಒಂದು ವಸ್ತುವಿದೆ. ಅದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಹೆಸರಿಲ್ಲ. ಆದುದರಿಂದಲೇ ಆ ಭಾಷೆಯಲ್ಲಿ ಬರೆದ ನಿಯಮಗಳಲ್ಲಿ ಅದಕ್ಕೆ ಸ್ಥಾನವೂ ದೊರೆತಿಲ್ಲವೆಂದು ತೋರುತ್ತದೆ. ದಾಕ್ಷಿಣ್ಯವನ್ನು ಕುರಿತು ನಮ್ಮಲ್ಲಿ ಒರಟಾದ ಗಾದೆಯೊಂದು ಇರುವುದನ್ನು ವಾಚಕರು ಬಲ್ಲರು. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಇದು ನಮಗೆ ದೂರದ ವಿಷಯವಲ್ಲ. ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಸ್ಥಾಪಿತವಾಯಿತು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದರು. ಬರೆದ ದಾದಿಯರಿಗೆ ಇದು ಮುಂದೆ ಯಾವ ಕೆಲಸಕ್ಕೆ ಬರುವುದೆಂಬ ಕಲ್ಪನೆಯೂ ಇದ್ದಿರಲಾರದು. ಅರುವತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಇಲ್ಲಿಯ ವೈದ್ಯರೂ ಸೇರಿ ಆ ಪುಸ್ತಕಗಳನ್ನು ತೆಗೆದು, ಅವುಗಳಲ್ಲಿದ್ದ ಕೂಸುಗಳನ್ನು ನಡುವಯಸ್ಸಿನ ಸ್ತ್ರೀಪುರುಷರಾಗಿ ಮೈಸೂರಿನ ಬೀದಿಗಳಲ್ಲಿ ಹುಡುಕಿದರು. ಹುಡುಕುವುದು ಸಾಮಾನ್ಯ ಕೆಲಸವಲ್ಲ. ಹೆಂಗಸರು ಮದುವೆಯಾಗಿ ಬೇರೆ ಊರುಗಳಿಗೆ ಹೋಗಿರುತ್ತಾರೆ. ಒಂದು ಮನೆಯಲ್ಲಿ ಕರೆಯುವ ಹೆಸರು ಒಂದು, ಬರೆಸುವ ಹೆಸರು ಇನ್ನೊಂದು. ದೊರೆತವರಲ್ಲಿ 517 ಮಂದಿಯನ್ನು ಪರೀಕ್ಷಿಸಿ, ಹುಟ್ಟಿದಾಗ ತೂಕ ಕಡಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚೆಂದು 1996ರಲ್ಲಿ ಪ್ರಕಟಿಸಿದರು. ಗರ್ಭಿಣಿಯ ಆಹಾರವನ್ನೂ ಹುಟ್ಟುವ ಕೂಸಿನ ಮುಂದಿನ ಐವತ್ತು ವರ್ಷಗಳನ್ನೂ ಒಂದು ಸೂತ್ರದಲ್ಲಿ ಕಟ್ಟಿ ನೋಡುವುದಕ್ಕೆ ನಮ್ಮ ದೇಶದಲ್ಲಿ ಇದರಿಂದ ಬಲವಾದ ಆಧಾರ ದೊರೆಯಿತು. ಅದರ ಬೆನ್ನಿಗೇ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಎಂಬ ಹೆಸರಿನ ಮತ್ತೊಂದು ಸಮೀಕ್ಷೆ ಮೊದಲಾಗಿ, 830 ಮಂದಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ಕಾಲಕಾಲಕ್ಕೆ ಕರೆದು ನೋಡುತ್ತ ಬಂದರು.

ಈಗ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳೋಣ. ತಾನು ಹುಟ್ಟಿದ್ದು ಆ ಆಸ್ಪತ್ರೆಯಲ್ಲಿ; ತನ್ನ ತಾಯಿಯ ಪ್ರಾಣ ಉಳಿದದ್ದು ಅಲ್ಲಿ; ತನ್ನ ಮಕ್ಕಳು ಕಣ್ಣುಬಿಟ್ಟದ್ದೂ ಅಲ್ಲಿಯೇ. ಅಲ್ಲಿಂದ ಪರಿಚಯದ ದಾದಿಯೊಬ್ಬಳು ಮನೆಗೆ ಬಂದು, ‘ಅಮ್ಮ, ಒಂದು ಬೆಳಗಿನ ಹೊತ್ತು ಬಂದು ಹೋಗಿ’ ಎಂದರೆ, ಆಕೆ ಬಾಯಿಬಿಟ್ಟು ‘ಬರುವುದಿಲ್ಲ’ ಎನ್ನುವಳೆ? ಮನೆಗೆ ಬಂದವರಿಗೆ ಇಲ್ಲವೆನ್ನುವುದು ಅಮಂಗಳವೆಂದು ಬೆಳೆದವಳು ಆಕೆ. ‘ಆಗಲಿ ನೋಡೋಣ’ ಎನ್ನುತ್ತಾಳೆ. ಆ ಮಾತಿನ ಅರ್ಥವೇನೆಂಬುದು ನಮಗೆಲ್ಲರಿಗೂ ಗೊತ್ತು. ಅಂಕಿಗಳನ್ನು ಬರೆದುಕೊಳ್ಳುವ ಪುಸ್ತಕಕ್ಕೆ ಗೊತ್ತಿಲ್ಲ. ಅದರಲ್ಲಿ ‘ಒಪ್ಪಿದ್ದಾರೆ’ ಎಂದು ಗುರುತು ಬೀಳುತ್ತದೆ. ಇದರ ಮೇಲೆ, ಅನೇಕ ಮನೆಗಳಲ್ಲಿ ಹೂಂ ಎನ್ನುವವರು ಅತ್ತೆಯವರು ಅಥವಾ ಯಜಮಾನರು. ರಕ್ತ ಕೊಡುವವಳು ಸೊಸೆ.

ಹಾಗಾದರೆ ದಾಕ್ಷಿಣ್ಯದಿಂದ ಬಂದವರನ್ನೆಲ್ಲ ಹಿಂದಕ್ಕೆ ಕಳುಹಿಸಬೇಕೆ? ಕೆಲವು ಕಟ್ಟುನಿಟ್ಟಿನ ವಿಚಾರಪರರು ಹೌದೆನ್ನಬಹುದು. ಯಾವ ಹಂಗೂ ಇಲ್ಲದೆ, ಲಾಭನಷ್ಟಗಳನ್ನು ತೂಗಿ, ಏಕಾಂತದಲ್ಲಿ ನಿರ್ಣಯಿಸಿದುದೇ ಸ್ವಾತಂತ್ರ್ಯದ ನಿರ್ಣಯವೆಂದು ಅವರ ಮತ. ನನಗೆ ಇದು ಮನುಷ್ಯರನ್ನು ಕಂಡು ಹೇಳಿದ ಮಾತಾಗಿ ತೋರುವುದಿಲ್ಲ. ನಾವು ಬದುಕಿನಲ್ಲಿ ಮಾಡುವ ಒಳ್ಳೆಯ ಕೆಲಸಗಳಲ್ಲಿ ಅರ್ಧಕ್ಕೆ ಹೆಚ್ಚಿನವನ್ನು ದಾಕ್ಷಿಣ್ಯಕ್ಕಾಗಿಯೇ ಮಾಡುತ್ತೇವೆ. ನೆರೆಯವರ ಮನೆಯ ಕಾಯಿಲೆಗೆ ರಾತ್ರಿ ಎದ್ದುಹೋಗುವುದು ಲಾಭನಷ್ಟ ತೂಗಿಯಲ್ಲ. ಆ ಗೃಹಿಣಿಗೆ ತನ್ನ ತಾಯಿಯ ಪ್ರಾಣ ಉಳಿಸಿದ ಸ್ಥಳದ ಋಣವು ನಿಜವಾದ ಋಣ. ಅದನ್ನು ತೀರಿಸಬೇಕೆಂಬ ಬಯಕೆಯು ಅವಳ ಸ್ವಂತ ಬಯಕೆ. ಅದನ್ನು ಮೌಢ್ಯವೆಂದು ತಳ್ಳುವವರು ಅವಳಿಗೆ ಗೌರವವನ್ನು ತೋರಿದಂತಾಗುವುದಿಲ್ಲ.

ಆದುದರಿಂದ, ಅವಳು ಏತಕ್ಕೆ ಬಂದಳೆಂದು ಕೇಳುವುದಕ್ಕಿಂತ ಅವಳನ್ನು ಬರಮಾಡಿಕೊಂಡವರು ಏನನ್ನು ಮುಚ್ಚಿಟ್ಟಿದ್ದಾರೆಂದು ಕೇಳುವುದು ಮೇಲು. ತಾವು ಮಾಡುತ್ತಿರುವ ಕೆಲಸವನ್ನೆಲ್ಲ ಅವಳ ಎದುರಿಗೆ, ಅವಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿದರೂ ಅವಳು ಮುಂದಿನ ವರ್ಷ ಬರುವಳೆ? ಬರುವಳೆಂದು ಧೈರ್ಯವಾಗಿ ಹೇಳಬಲ್ಲವರಿಗೆ ಹುಟ್ಟಿದ ಹಬ್ಬದ ಕಾರ್ಡು ಭೂಷಣ. ಹೇಳಲಾರದವರಿಗೆ ಅದೇ ಗಾಳದ ಹುಳು. ಮೇಕನ್ ಜಿಲ್ಲೆಯ ಆ ಗಂಡಸರಿಗೆ ಒಂದು ವಾಕ್ಯವನ್ನು ಹೇಳಿದ್ದರೆ ಸಾಕಾಗಿತ್ತು. ಮರುದಿನ ಆ ಮೋಟಾರನ್ನು ಹತ್ತಲು ಒಬ್ಬನೂ ಬರುತ್ತಿರಲಿಲ್ಲ. ಫ್ರೇಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯ ಫಲಿತಾಂಶವನ್ನು ಅವರವರ ಮನೆಯ ವೈದ್ಯರಿಗೆ ಕಳುಹಿಸುತ್ತಿದ್ದರು. ಸಮೀಕ್ಷೆಯವರು ತಾವು ಚಿಕಿತ್ಸೆ ಮಾಡುವುದಿಲ್ಲವೆಂಬುದೂ ಗೊತ್ತಿದ್ದ ವಿಷಯವೇ. ಜನರು ತಿಳಿದೂ ಬಂದರು, ಮಕ್ಕಳನ್ನೂ ಕಳುಹಿಸಿದರು.

ಇಷ್ಟಕ್ಕೆ ಸಂಶಯವು ಪೂರ್ತಿಯಾಗಿ ಬಗೆಹರಿಯಿತೆಂದಲ್ಲ. ಎಲ್ಲವನ್ನೂ ಹೇಳಬೇಕೆಂದರೆ, ಎಲ್ಲವೂ ಹೇಳುವವನಿಗಾದರೂ ಗೊತ್ತಿರಬೇಕಷ್ಟೆ. 1948ರಲ್ಲಿ ರಕ್ತವನ್ನು ಕೊಟ್ಟವನು ಕೊಲೆಸ್ಟರಾಲನ್ನು ಅಳೆಯಲು ಕೊಟ್ಟನು. ಐವತ್ತು ವರ್ಷಗಳೊಳಗೆ ರಕ್ತದ ಒಂದು ಹನಿಯಲ್ಲಿ ಅವನ ವಂಶದ ಲಿಪಿಯನ್ನೇ ಓದುವ ವಿದ್ಯೆ ಬಂತು. 2000ನೆಯ ಇಸವಿಯಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಒಂದು ವ್ಯಾಪಾರ ಸಂಸ್ಥೆ ಹುಟ್ಟಿ, ಅಷ್ಟು ದಶಕಗಳ ಆ ಅಂಕಿಅಂಶಗಳನ್ನು ಅಣಿಗೊಳಿಸಿ ಮಾರುವ ಯೋಚನೆಯನ್ನು ಮಾಡಿತು. ಅವು ಯಾರ ಸ್ವತ್ತು, ಯಾರಿಗೆ ತೆರೆದಿರಬೇಕು ಎಂಬ ವಿವಾದವೆದ್ದು, ಅದೇ ವರ್ಷದ ಕೊನೆಗೆ ಆ ಯೋಚನೆ ಬಿದ್ದುಹೋಯಿತು. ಬಿದ್ದುಹೋದುದು ಒಳ್ಳೆಯದಾಯಿತೆಂದೇ ನನ್ನ ಅಭಿಪ್ರಾಯ. ಧರ್ಮಛತ್ರಕ್ಕೆಂದು ಕೊಟ್ಟ ಅಕ್ಕಿಯನ್ನು ಅಂಗಡಿಯಲ್ಲಿ ಕಂಡರೆ ಕೊಟ್ಟವನಿಗೆ ಏನೆನಿಸುವುದು? ಅಕ್ಕಿಯೇನೋ ಅವನ ಕೈಬಿಟ್ಟಿದೆ. ಕೊಟ್ಟ ಉದ್ದೇಶವು ಬಿಟ್ಟಿಲ್ಲ. ದೀರ್ಘಕಾಲದ ಸಮೀಕ್ಷೆಯಲ್ಲಿ ಸಮ್ಮತಿಯು ಮೊದಲ ದಿನದ ಒಂದು ರುಜುವಿನಿಂದ ಮುಗಿಯತಕ್ಕದ್ದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೆಲಸವು ಹೊಸ ಹಾದಿಯನ್ನು ಹಿಡಿದಾಗಲೆಲ್ಲ ಹೊಸದಾಗಿ ಹೋಗಿ ಕೇಳಬೇಕು. ಕೇಳಿದಾಗ ಕೆಲವರು ಬಿಟ್ಟುಹೋಗುವರೆಂಬುದು ನಿಶ್ಚಯ. ಆ ನಷ್ಟವನ್ನು ಮೊದಲೇ ಲೆಕ್ಕದಲ್ಲಿ ಹಿಡಿದಿರಬೇಕು. ಬಿಟ್ಟುಹೋದವಳು ಮರುದಿನ ಜ್ವರವೆಂದು ಅದೇ ಆಸ್ಪತ್ರೆಗೆ ಬಂದರೆ, ಅವಳಿಗೆ ಹಿಂದಿನ ಮುಗುಳುನಗೆಯೇ ದೊರೆಯಬೇಕು. ನಗೆಯಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸವಾದರೂ ಉಳಿದವರಿಗೆ ಅದು ಸಂಜೆಯೊಳಗೆ ತಿಳಿಯುತ್ತದೆ. ಆಮೇಲೆ ಬರುವವರೆಲ್ಲರೂ ಭಯದಿಂದ ಬರುವವರು.

ಕೂಸುಗಳ ವಿಷಯವು ಇನ್ನೂ ಬೇರೆ. ತಾಯಿಯ ತೋಳಿನಲ್ಲಿ ಪುಸ್ತಕಕ್ಕೆ ಸೇರಿದ ಮಗುವನ್ನು ಯಾರು ಕೇಳಿದರು? 1946ರ ಆ ಮಾರ್ಚಿಯ ಮಕ್ಕಳು ತಮ್ಮ ಹೆಸರು ಅಲ್ಲಿರುವುದನ್ನು ದೊಡ್ಡವರಾಗುತ್ತ ತಿಳಿದುಕೊಂಡರು. ತಂದೆತಾಯಿಗಳು ಮಗನಿಗೆ ಜಾತಕವನ್ನು ಬರೆಸುವಂತೆ ಇದನ್ನೂ ಬರೆಸಿದರೆಂದು ಸಮಾಧಾನ ಹೇಳಬಹುದು. ಆದರೆ ಜಾತಕವನ್ನು ಬೇಡವೆಂದರೆ ಮಡಿಸಿ ಪೆಟ್ಟಿಗೆಯಲ್ಲಿಡಬಹುದು. ಮೈಸೂರಿನಲ್ಲಿ 1998ರಲ್ಲಿ ಹುಟ್ಟಿದ ಪಾರ್ಥೆನಾನ್ ಮಕ್ಕಳಿಗೆ 2016ರಲ್ಲಿ ಹದಿನೆಂಟು ತುಂಬಿತು. ಅಲ್ಲಿಂದ ಮುಂದೆ ಅವರ ತಾಯಂದಿರ ಒಪ್ಪಿಗೆ ಸಲ್ಲುವುದಿಲ್ಲ. ಕೇಳುವವರು ಅವರನ್ನೇ ಕೇಳಬೇಕು. ಅವರು ಓದಿದವರು, ಕೆಲಸಕ್ಕಾಗಿ ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋಗತಕ್ಕವರು. ತಮ್ಮ ತಾಯಂದಿರಷ್ಟು ದಾಕ್ಷಿಣ್ಯಕ್ಕೆ ಸಿಕ್ಕುವವರಲ್ಲ. ‘ಏತಕ್ಕೆ? ಈ ರಕ್ತವನ್ನು ಎಷ್ಟು ವರ್ಷ ಇಟ್ಟಿರುತ್ತೀರಿ? ಬೇರೆ ಯಾರಿಗೆ ಕೊಡುತ್ತೀರಿ?’ ಎಂದು ಅವರು ಕೇಳಿದರೆ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಅರ್ಧ ಗಂಟೆಯಾದರೂ ಸರಿ, ಉತ್ತರ ಹೇಳಬೇಕಾದುದು ಕರೆದವರ ಕೆಲಸ.